ನಾಪೋಕ್ಲುವಿನಿಂದ ಒಂದು ಅರ್ಜಿ: ಮಗಳ ಅಮೆರಿಕ ಪ್ರವೇಶಕ್ಕಾಗಿ ಹದಿನಾರು ತಿಂಗಳು

ಕಳೆದ ವಾರ ಮಗಳ ಪಾಸ್‌ಪೋರ್ಟ್ ವೀಸಾದೊಂದಿಗೆ ಕೈಗೆ ಬಂತು. ಅದನ್ನು ಕಪಾಟಿನಲ್ಲಿಟ್ಟು, ಹದಿನಾರು ತಿಂಗಳಿಂದ ಊಟದ ಮೇಜಿನ ಒಂದು ಮೂಲೆಯನ್ನು ಹಿಡಿದು ಕೂತಿದ್ದ ಕಡತವನ್ನು ದಾರ ಹಾಕಿ ಕಟ್ಟಿದೆ. ಪಹಣಿಗಳು, ವಂಶವೃಕ್ಷ, ಕಾಫಿ ಮಾರಿದ ಚೀಟಿಗಳು, ಒಂಬತ್ತನೇ ತರಗತಿಯ ಅಂಕಗಳ ನಕಲು, ನೋಟರಿಯ ಮುದ್ರೆ ಬಿದ್ದ ಹಾಳೆಗಳು. ಇವು ಯಾವಾಗ ಬೇಕಾಗುತ್ತವೆ, ಯಾಕೆ ಬೇಕಾಗುತ್ತವೆ ಎಂದು ಮೊದಲೇ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಕೊಡಗಿನ ಇನ್ನೊಂದು ಮನೆಯವರು ಇದೇ ದಾರಿ ಹಿಡಿಯುವುದಾದರೆ ಅವರಿಗಾದರೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ನಾಪೋಕ್ಲು ಬಳಿ ಐದೂವರೆ ಎಕರೆ ರೋಬಸ್ಟಾ ತೋಟ, ನಡುವೆ ಕರಿಮೆಣಸು. ತೋಟದ ಕೆಲಸ ಯಜಮಾನರದು, ಲೆಕ್ಕಪತ್ರ ನನ್ನದು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ತೆಗೆದು ಮಡಿಕೇರಿಯ ಪಿಯು ಕಾಲೇಜೊಂದರಲ್ಲಿ ವಿಜ್ಞಾನ ಓದುತ್ತಿದ್ದಳು. 2024ರ ಮಾರ್ಚ್ ಕೊನೆಯಲ್ಲಿ, ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲೇ? ಹಣವಿಲ್ಲದವರಿಗೆ ಪೂರ್ತಿ ನೆರವು ಕೊಡುವ ಕಾಲೇಜುಗಳಿವೆಯಂತೆ" ಎಂದಳು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಹೇಳಿದ್ದನಂತೆ. ನಾನು ತಕ್ಷಣ ಹೂಂ ಅನ್ನಲಿಲ್ಲ. ಆ ರಾತ್ರಿ ಇಬ್ಬರೂ ಕೂತು ಅಂಕಿಅಂಶ ನೋಡಿದೆವು. ಆ ವರ್ಷದ ಪ್ರವೇಶಕ್ಕೆ ಹಾರ್ವರ್ಡ್‌ಗೆ ಬಂದಿದ್ದ ಅರ್ಜಿ 54,008, ಸೀಟು ಸಿಕ್ಕಿದ್ದು 1,937 ಮಂದಿಗೆ. ನೂರಕ್ಕೆ ನಾಲ್ಕು ಮಂದಿಯೂ ಇಲ್ಲ. ಎಂಐಟಿಯಲ್ಲಿ ನಾಲ್ಕೂವರೆಯ ಆಸುಪಾಸು. ವರ್ಷದ ಖರ್ಚು ಇಂಥ ಕಡೆ ಎಂಬತ್ತೈದು, ತೊಂಬತ್ತು ಸಾವಿರ ಡಾಲರ್. ನಮ್ಮ ತೋಟದ ಹಲವು ವರ್ಷಗಳ ಫಸಲು ಸೇರಿಸಿದರೂ ಒಂದು ವರ್ಷದ್ದು ತುಂಬುವುದಿಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬ ಸಲಹೆಗಾರರ ಬಳಿ ಹೋದೆವು. ಅವರು ಮಗಳ ಅಂಕಪಟ್ಟಿ ನೋಡಿ ಒಂದು ಹಾಳೆಯನ್ನು ಮುದ್ರಿಸಿಕೊಟ್ಟರು. ಎಡಗಡೆ ಕಾಲೇಜುಗಳ ಹೆಸರು, ಬಲಗಡೆ ಇವಳಿಗೆ ಸೀಟು ಸಿಗುವ ಸಾಧ್ಯತೆ ಶೇಕಡಾವಾರು: ಇದರಲ್ಲಿ 12, ಅದರಲ್ಲಿ 18. ತಮ್ಮ ಬಳಿ ಸೇರಿದರೆ ಈ ಸಂಖ್ಯೆಗಳು ಎರಡರಷ್ಟಾಗುತ್ತವೆ, ಒಂದು ಸಂಶೋಧನಾ ಲೇಖನವನ್ನೂ ಮಾಡಿಸಿಕೊಡುತ್ತೇವೆ, ಶುಲ್ಕ ಮೂರೂವರೆ ಲಕ್ಷ ಎಂದರು. "ಲೇಖನ ಯಾವ ವಿಷಯದ ಮೇಲೆ?" ಎಂದು ಮಗಳು ಕೇಳಿದಳು. ಅದನ್ನು ತಾವೇ ನೋಡಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ಅವಳು ನನ್ನ ಮುಖ ನೋಡಿದಳು, ಇಬ್ಬರೂ ಎದ್ದೆವು. ಮುಂದೆ ಹೋಗುವವರಿಗೆ ಖಂಡಿತವಾಗಿ ಹೇಳುತ್ತೇನೆ: ಇಂಥ ಕಾಲೇಜುಗಳಲ್ಲಿ ಒಂದು ಮಗುವಿಗೆ ಸೀಟು ಸಿಗುವ ಸಾಧ್ಯತೆ ಇಷ್ಟೇ ಎಂದು ಹೊರಗಿನ ಯಾರೂ ಲೆಕ್ಕ ಹಾಕಿ ಹೇಳಲಾರರು. ಅಮೆರಿಕ ಸರ್ಕಾರದ ಎಜುಕೇಷನ್‌ಯುಎಸ್‌ಎ ಎಂಬ ಸಲಹಾ ಜಾಲವಿದೆ. ಆನ್‌ಲೈನ್ ಮಾಹಿತಿ ಸಭೆಗಳು ಉಚಿತ, ನಮಗೆ ಅಷ್ಟು ಸಾಕಾಯಿತು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ಖಾನ್ ಅಕಾಡೆಮಿ ಎಂಬ ಜಾಲತಾಣದ ಪಾಠಗಳೂ ಉಚಿತ.

ನಾವು ಮೊದಲು ಕೇಳಬೇಕಿದ್ದ ಪ್ರಶ್ನೆಯೇ ಬೇರೆ ಇತ್ತು. ಹಣದ ನೆರವು ಕೇಳುವ ವಿದೇಶಿ ವಿದ್ಯಾರ್ಥಿಯನ್ನು ಆ ಕಾಲೇಜು ಹೇಗೆ ನೋಡುತ್ತದೆ? ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್ಹರ್ಸ್ಟ್, ಬೋಡನ್ ಮುಂತಾದ ಕೆಲವೇ ಕೆಲವು ಕಡೆ, ಸೀಟು ಕೊಡುವಾಗ ವಿದೇಶಿಯರ ಹಣದ ಅಗತ್ಯವನ್ನು ಪರಿಗಣಿಸುವುದಿಲ್ಲ. ಉಳಿದ ಬಹುತೇಕ ಕಡೆ ನೆರವು ಕೇಳಿದರೆ ಅದೂ ತೂಕಕ್ಕೆ ಬರುತ್ತದೆ. ಹಾಗೆಂದು ಕೇಳದೆ ಅರ್ಜಿ ಹಾಕಿ, ಸೀಟು ಸಿಕ್ಕ ಮೇಲೆ ಕೇಳೋಣ ಎಂದುಕೊಳ್ಳಬೇಡಿ. ವಿದೇಶಿಯರು ಅರ್ಜಿಯ ಹೊತ್ತಿನಲ್ಲೇ ಕೇಳದಿದ್ದರೆ ಆಮೇಲೆ ಕೇಳುವಂತಿಲ್ಲ ಎಂದು ಹಲವು ಕಾಲೇಜುಗಳು ನಿಯಮವನ್ನೇ ಮಾಡಿವೆ. ನಾವು ಒಂಬತ್ತು ಕಾಲೇಜುಗಳನ್ನು ಆರಿಸಿಕೊಂಡೆವು. ಎಲ್ಲವೂ ವಿದೇಶಿಯರಿಗೆ ಪೂರ್ತಿ ನೆರವು ಕೊಟ್ಟ ರೂಢಿಯಿರುವವು. ನಾಲ್ಕು ದೊಡ್ಡ ಹೆಸರಿನವು, ಐದು ಚಿಕ್ಕ ಕಾಲೇಜುಗಳು.

ಜೂನ್ ಬಂತು, ಮಳೆ ಹಿಡಿಯಿತು. 2024ರ ಜುಲೈಯಲ್ಲಿ ಕೊಡಗಿನಲ್ಲಿದ್ದವರಿಗೆ ಆ ದಿನಗಳನ್ನು ಬಿಡಿಸಿ ಹೇಳಬೇಕಿಲ್ಲ. 30ರಂದು ವಯನಾಡಿನ ಗುಡ್ಡ ಕುಸಿದ ಸುದ್ದಿ ಬಂದಾಗ ನಮ್ಮಲ್ಲಿ ನಾಲ್ಕು ದಿನದಿಂದ ಕರೆಂಟಿರಲಿಲ್ಲ. ಎಸ್‌ಎಟಿ ಈಗ ಲ್ಯಾಪ್‌ಟಾಪ್‌ನಲ್ಲೇ ಬರೆಯುವ ಪರೀಕ್ಷೆ, ಎರಡು ಗಂಟೆ ಹದಿನಾಲ್ಕು ನಿಮಿಷದ್ದು. ಅಭ್ಯಾಸ ಪರೀಕ್ಷೆಗೂ ಲ್ಯಾಪ್‌ಟಾಪ್ ಚಾರ್ಜ್ ಬೇಕು. ಯಜಮಾನರು ನಾಪೋಕ್ಲು ಪೇಟೆಯಲ್ಲಿ ಜನರೇಟರ್ ಇದ್ದ ಪರಿಚಯದವರ ಅಂಗಡಿಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ ಚಾರ್ಜ್ ಮಾಡಿಸಿ ತರುತ್ತಿದ್ದರು. ಆಗಸ್ಟ್ 24ಕ್ಕೆ ಬೆಂಗಳೂರಿನಲ್ಲಿ ಪರೀಕ್ಷೆ. ರಸ್ತೆ ಯಾವಾಗ ಮುಚ್ಚುತ್ತದೋ ಎಂಬ ಭಯಕ್ಕೆ ಎರಡು ದಿನ ಮುಂಚೆಯೇ ಹೊರಟು ಅಣ್ಣನ ಮನೆಯಲ್ಲಿ ಉಳಿದೆವು. 1600ಕ್ಕೆ 1480 ಬಂತು. ಅಕ್ಟೋಬರ್ 5ಕ್ಕೆ ಮತ್ತೆ ಬರೆದು 1530 ಮಾಡಿಕೊಂಡಳು. ಒಂದೊಂದು ಸಲಕ್ಕೂ ಒಂಬತ್ತು ಸಾವಿರ ರೂಪಾಯಿಗೂ ಹೆಚ್ಚು ಶುಲ್ಕ, ಬಸ್ಸಿನ ಖರ್ಚು ಬೇರೆ. ಮಳೆಗಾಲದ ಪರೀಕ್ಷೆಯನ್ನು ಬಿಟ್ಟು ಬೇಸಿಗೆಯಲ್ಲೇ ಒಮ್ಮೆ ಬರೆದುಬಿಟ್ಟಿದ್ದರೆ ಮಗುವಿಗೆ ಇಷ್ಟು ಆಯಾಸವಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹೆಸರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಜೊತೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಪೂರ್ತಿ. ಎಸ್‌ಎಟಿಗೆ ಒಂದು ರೀತಿ, ಅರ್ಜಿಗೆ ಇನ್ನೊಂದು ರೀತಿ ಬರೆದು, ಅಂಕಗಳು ಅರ್ಜಿಯ ಜೊತೆ ಕೂಡದೆ ಎರಡು ವಾರ ಪತ್ರವ್ಯವಹಾರ ಮಾಡಬೇಕಾಯಿತು. ಮೊದಲ ದಿನದಿಂದಲೇ ಎಲ್ಲೆಡೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ.

ಕಾಮನ್ ಅಪ್ಲಿಕೇಶನ್ ಎಂಬ ಒಂದೇ ಅರ್ಜಿಯಲ್ಲಿ ಇಪ್ಪತ್ತು ಕಾಲೇಜುಗಳವರೆಗೆ ಸೇರಿಸಬಹುದು. ಆಗಸ್ಟ್ 1ಕ್ಕೆ ತೆರೆಯುತ್ತದೆ. ಎಂಐಟಿಯಂಥ ಕೆಲವಕ್ಕೆ ಪ್ರತ್ಯೇಕ ಅರ್ಜಿ. ಕಾಮನ್ ಅಪ್ಲಿಕೇಶನ್‌ನಲ್ಲಿ ಮಗು ಮಾಡಿದ ಚಟುವಟಿಕೆಗಳನ್ನು ಹತ್ತರವರೆಗೆ ಬರೆಯಬಹುದು, ಒಂದೊಂದರ ವಿವರಣೆಗೆ 150 ಅಕ್ಷರಗಳ ಮಿತಿ. ಮಗಳಿಗೆ ಪದಕಗಳಿಲ್ಲ, ಸಂಘಸಂಸ್ಥೆಗಳಿಲ್ಲ. ಇದ್ದದ್ದು ನನ್ನ ಮಾವನವರ ಮಳೆ ಪುಸ್ತಕಗಳು. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುವುದು ನಿಮಗೆ ಗೊತ್ತು. ಮಾವನವರು 1961ರಿಂದ ಬರೆದಿದ್ದರು. ಹೈಸ್ಕೂಲಿನಲ್ಲಿದ್ದಾಗಿನಿಂದ ಅವಳು ಅದನ್ನು ಕಂಪ್ಯೂಟರಿಗೆ ಏರಿಸುತ್ತಾ, ಸುತ್ತಲಿನ ಹನ್ನೊಂದು ಮನೆಗಳ ಪುಸ್ತಕಗಳನ್ನೂ ಕೇಳಿ ತಂದಿದ್ದಳು. ಕಾಫಿ ಹೂ ಬಿಡಿಸುವ ಹೂಮಳೆ ಯಾವ ವರ್ಷ ಎಂದು ಬಿತ್ತು, ಎಷ್ಟು ಬಿತ್ತು ಎಂಬುದು ಅವಳ ಆಸಕ್ತಿ. ಬೆಂಗಳೂರಿನ ಸಲಹೆಗಾರರು ಇದನ್ನು ಕೈಬಿಡಿ ಎಂದಿದ್ದರು. ಅವಳು ಅದನ್ನೇ ಪಟ್ಟಿಯ ಮೊದಲಿಗೆ ಹಾಕಿದಳು.

650 ಪದಗಳ ಪ್ರಬಂಧದಲ್ಲಿ ನಿಜವಾದ ಕಷ್ಟ ಬಂತು. ಮೊದಲು ಅವಳು ಬರೆದದ್ದು 2018ರ ಭೂಕುಸಿತದ ಬಗ್ಗೆ. ಕಷ್ಟ ತೋರಿಸಿದರೆ ಓದುವವರ ಮನಸ್ಸು ಕರಗುತ್ತದೆ ಎಂದು ಅಣ್ಣನ ಮಗ ಹೇಳಿದ್ದ. ಬರಹ ಚೆನ್ನಾಗಿಯೇ ಇತ್ತು. ಸೆಪ್ಟೆಂಬರಿನ ಒಂದು ಸಂಜೆ ಅವಳು ಅದನ್ನು ಅಳಿಸಿದಳು. "ಅದು ಮಕ್ಕಂದೂರಿನವರ ಕಷ್ಟ ಅಮ್ಮಾ. ನಮ್ಮ ಮನೆಯ ಒಂದು ಹೆಂಚೂ ಜಾರಿಲ್ಲ. ನಾನು ಹೇಗೆ ಅದನ್ನು ನನ್ನದೆಂದು ಬರೆಯಲಿ?" ಎಂದಳು. ನನ್ನ ಕಣ್ಣು ತುಂಬಿತು. ಆಮೇಲೆ ಬರೆದದ್ದು ಒಂದು ತಪ್ಪಿನ ಬಗ್ಗೆ. ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ಅಜ್ಜ ಅಳೆಯುತ್ತಿದ್ದದ್ದು ಆರಕ್ಕೆ, ಇನ್ನೊಂದು ಮನೆಯವರು ಕೆಲಸದವರಿಗೆ ಕೆಲಸ ಹಂಚಿ ಮುಗಿಸಿ ಹತ್ತಕ್ಕೆ. ಹಾಗಾಗಿ ಬೆಳಿಗ್ಗೆ ಆರರಿಂದ ಹತ್ತರ ನಡುವೆ ಸುರಿದ ಒಂದೇ ಮಳೆ ಎರಡು ಪುಸ್ತಕಗಳಲ್ಲಿ ಎರಡು ದಿನಾಂಕಗಳಡಿ ಬಿದ್ದಿತ್ತು. ಎರಡು ವರ್ಷ ಅವಳು ಹಾಕಿದ್ದ ಹೋಲಿಕೆಗಳೆಲ್ಲ ಹಾಳು. ಮನೆಮನೆಗೆ ಹೋಗಿ, ಹಿರಿಯರನ್ನು ಕೂರಿಸಿ, ಯಾರು ಯಾವ ಹೊತ್ತಿಗೆ ಅಳೆಯುತ್ತಿದ್ದರು ಎಂದು ಕೇಳಿ ಬರೆದುಕೊಂಡ ಕಥೆ ಅದು. ಅಷ್ಟನ್ನೇ ಬರೆದಳು.

ಮಗಳ ಪಿಯು ಕಾಲೇಜಿನಿಂದ ಬೇಕಾದ ಕಾಗದಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಮ್ಮನ್ನು ಓಡಾಡಿಸಿದವು. ಅಮೆರಿಕದ ಶಾಲೆಗಳಲ್ಲಿ ಇದಕ್ಕೆಂದೇ ಒಬ್ಬ ಕೌನ್ಸೆಲರ್ ಇರುತ್ತಾರೆ. ನಮ್ಮಲ್ಲಿ ಆ ಜಾಗಕ್ಕೆ ಪ್ರಾಂಶುಪಾಲರೇ. "ಮೇಡಂ, ಮೂವತ್ತು ವರ್ಷದ ಸೇವೆಯಲ್ಲಿ ಇಂಥ ಫಾರಂ ನಾನು ನೋಡಿಲ್ಲ" ಎಂದು ಅವರು ಕನ್ನಡಕ ಸರಿಮಾಡಿಕೊಂಡರೂ ಇಲ್ಲವೆನ್ನಲಿಲ್ಲ. ಸೂಕ್ಷ್ಮವಾದ ತೊಡಕೊಂದಿತ್ತು: ಅವರು ಬಳಸುತ್ತಿದ್ದದ್ದು ಖಾಸಗಿ ಇಮೇಲ್ ವಿಳಾಸ. ಕಾಲೇಜಿನ ಹೆಸರಿನ ವಿಳಾಸದಿಂದ ಬಂದರೆ ನಂಬಿಕೆ ಹೆಚ್ಚು. ಕಾಲೇಜಿನ ಜಾಲತಾಣಕ್ಕೆ ಸೇರಿದ್ದ, ಯಾರೂ ಬಳಸದ ವಿಳಾಸದ ಗುಪ್ತಪದ ಹುಡುಕುವುದಕ್ಕೇ ಒಂದು ವಾರ ಹಿಡಿಯಿತು.

ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಅಂಕಗಳನ್ನು ಅವರು ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯದು ಮಂಡಳಿಯ ಅಂಕಪಟ್ಟಿ, ಅದು ಸುಲಭ. ಒಂಬತ್ತನೆಯದನ್ನು ಹಳೆಯ ಹೈಸ್ಕೂಲಿನ ದಾಖಲೆ ಪುಸ್ತಕದಿಂದ ಬರೆಸಿ ಮುದ್ರೆ ಹಾಕಿಸಬೇಕಾಯಿತು. ಅದಕ್ಕಿಂತ ಮುಖ್ಯವಾದದ್ದು 'ಶಾಲಾ ಪರಿಚಯ' ಎಂಬ ಎರಡು ಪುಟ. ಕಾಲೇಜಿನಲ್ಲಿ ಎಷ್ಟು ಮಕ್ಕಳು, ಯಾವ ವಿಷಯಗಳಿವೆ, ಕರ್ನಾಟಕ ಮಂಡಳಿಯ ಪರೀಕ್ಷೆ ಹೇಗಿರುತ್ತದೆ, 600ಕ್ಕೆ 570 ಎಂದರೆ ನಮ್ಮ ಕಾಲೇಜಿನಲ್ಲಿ ಏನರ್ಥ ಎಂಬುದನ್ನೆಲ್ಲ ಅದರಲ್ಲಿ ತಿಳಿಸಬೇಕು. ಅಲ್ಲಿ ಕೂತು ಓದುವವರಿಗೆ ಮಡಿಕೇರಿ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಆ ಎರಡು ಪುಟ ಇಲ್ಲದಿದ್ದರೆ ಮಗಳ ಅಂಕಗಳು ಅವರ ಕಣ್ಣಿಗೆ ಬರೀ ಸಂಖ್ಯೆ. ಉನ್ನತ ಮಟ್ಟದ ಪಠ್ಯಗಳನ್ನು ಯಾಕೆ ತೆಗೆದುಕೊಂಡಿಲ್ಲ ಎಂಬ ಅನುಮಾನಕ್ಕೂ ಅಲ್ಲೇ ಉತ್ತರ: ನಮ್ಮ ಕಾಲೇಜಿನಲ್ಲಿ ಅವು ಇಲ್ಲವೇ ಇಲ್ಲ. ನಾನು ವಿವರಗಳನ್ನು ಒಟ್ಟುಮಾಡಿ ಕೊಟ್ಟೆ, ಪ್ರಾಂಶುಪಾಲರು ಮೂರು ಸಲ ತಿದ್ದಿ ಅಂತಿಮಗೊಳಿಸಿದರು.

ಶಿಫಾರಸು ಪತ್ರಗಳ ವಿಷಯದಲ್ಲಿ ಭೌತಶಾಸ್ತ್ರದ ಉಪನ್ಯಾಸಕರು ಒಳ್ಳೆಯ ಮನಸ್ಸಿನಿಂದಲೇ, "ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ" ಎಂದರು. ನಮ್ಮಲ್ಲಿ ಅದು ರೂಢಿ. ಆದರೆ ಪತ್ರ ಅವರೇ ಬರೆಯಬೇಕು, ಅವರೇ ನೇರವಾಗಿ ಕಳಿಸಬೇಕು. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ವಿದ್ಯಾರ್ಥಿ ಒಪ್ಪಿ ಸಹಿ ಮಾಡುವುದು ವಾಡಿಕೆ. ತರಗತಿಯಲ್ಲಿ ನಡೆದ ಒಂದು ಘಟನೆಯನ್ನು ತಮ್ಮದೇ ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಕು ಎಂದು ಮಗಳು ವಿನಂತಿಸಿದಳು. ಅವರು ಏನು ಬರೆದರೋ ನಮಗೆ ಇಂದಿಗೂ ಗೊತ್ತಿಲ್ಲ. ಆದರೆ ಒಂದು ಭಾನುವಾರ ಪೂರ್ತಿ ಅದಕ್ಕೆ ಕೂತಿದ್ದರಂತೆ. ಆ ಋಣ ದೊಡ್ಡದು.

ಡಿಸೆಂಬರ್. ಹುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾಯಿತು. ಹಗಲು ಕಣದಲ್ಲಿ, ರಾತ್ರಿ ಸಿಎಸ್‌ಎಸ್ ಪ್ರೊಫೈಲ್ ಎಂಬ ಹಣಕಾಸು ಅರ್ಜಿಯ ಮುಂದೆ. ಮೊದಲ ಕಾಲೇಜಿಗೆ 25 ಡಾಲರ್, ನಂತರದ ಒಂದೊಂದಕ್ಕೆ 16. ಕೊನೆಯ ದಿನದ ಬಗ್ಗೆ ಜಾಗ್ರತೆ: ಕಾಮನ್ ಅಪ್ಲಿಕೇಶನ್‌ಗೆ ನಮ್ಮ ಊರಿನ ಸಮಯ ಲೆಕ್ಕ, ಇದಕ್ಕೆ ಅಮೆರಿಕದ ಪೂರ್ವ ಕರಾವಳಿಯ ಸಮಯ. ನಮ್ಮ ಬ್ಯಾಂಕ್ ಕಾರ್ಡು ವಿದೇಶಿ ಪಾವತಿಗೆ ಒಪ್ಪದೆ ರಾತ್ರಿ ಹನ್ನೊಂದಕ್ಕೆ ನಾಲ್ಕು ಸಲ ತಿರಸ್ಕೃತವಾಯಿತು. ಕೊನೆಗೆ ಅಣ್ಣನ ಕಾರ್ಡಿನಲ್ಲಿ ಕಟ್ಟಿದೆವು. ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ತಿಂಗಳ ಮುಂಚೆಯೇ ತೆರೆಸಿ, ಒಂದು ಸಣ್ಣ ಮೊತ್ತ ಕಟ್ಟಿ ಪರೀಕ್ಷಿಸಿಕೊಳ್ಳಿ. ಅರ್ಜಿ ಶುಲ್ಕದಿಂದ ವಿನಾಯಿತಿ ಕೇಳಲು ಸಂಕೋಚ ಬೇಡ. ಕಾಲೇಜುಗಳಿಗೆ ಇಮೇಲ್ ಬರೆದಾಗ ನಾಲ್ಕು ಕಡೆ ಕೂಡಲೇ ಮನ್ನಾ ಮಾಡಿದರು. ಇಲ್ಲದಿದ್ದರೆ ಒಂದೊಂದಕ್ಕೆ ಆರೇಳು ಸಾವಿರ ಆಗುತ್ತಿತ್ತು. ಇಂಗ್ಲಿಷ್ ಪರೀಕ್ಷೆಗೆ ಮನೆಯಲ್ಲೇ ಬರೆಯುವ ಡುವೊಲಿಂಗೊ ಆರಿಸಿಕೊಂಡೆವು, ಸುಮಾರು ಐದೂವರೆ ಸಾವಿರ. ಎಲ್ಲ ಸೇರಿ ಅರ್ಜಿಯ ಹಂತಕ್ಕೇ ನಮಗೆ ಎಪ್ಪತ್ತೆಂಟು ಸಾವಿರ ಖರ್ಚಾಯಿತು.

ಆದಾಯ ತೋರಿಸುವುದು ಇದೆಲ್ಲಕ್ಕಿಂತ ಕಠಿಣವಾಗಿತ್ತು. ಕಾಫಿ ಬೆಳೆದು ಸಂಸ್ಕರಿಸಿ ಮಾರುವವರಿಗೆ ಆದಾಯದ ಕಾಲು ಭಾಗಕ್ಕೆ ತೆರಿಗೆಯ ಲೆಕ್ಕವಿದೆ. ನಾವು ಚೆರ್ರಿ ಒಣಗಿಸಿ ಹಾಗೆಯೇ ವ್ಯಾಪಾರಿಗೆ ಕೊಡುವವರು, ಪೂರ್ತಿ ಕೃಷಿ ಆದಾಯ, ತೆರಿಗೆಯಿಲ್ಲ. ಹೀಗಾಗಿ ಅವರು ಕೇಳುವ ತೆರಿಗೆ ವಿವರಪಟ್ಟಿ ನಮ್ಮಲ್ಲಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿರುವ ಮೊತ್ತಕ್ಕೂ ನಮ್ಮ ಚೀಟಿಗಳ ಮೊತ್ತಕ್ಕೂ ತಾಳೆಯಿಲ್ಲ. ಕಡಿಮೆ ಇರುವುದನ್ನೇ ಕೊಡಿ, ಒಳ್ಳೆಯದು ಎಂದು ಹಿತೈಷಿಗಳು ಹೇಳಿದರು. ಯಜಮಾನರು ಒಪ್ಪಲಿಲ್ಲ. ಮೂರು ವರ್ಷದ ಎಲ್ಲ ಮಾರಾಟ ಚೀಟಿಗಳು, ಕೂಲಿ ಮತ್ತು ಗೊಬ್ಬರದ ಖರ್ಚು, ಬ್ಯಾಂಕ್ ಸಾಲದ ಕಾಗದ ಎಲ್ಲವನ್ನೂ ಇಂಗ್ಲಿಷಿಗೆ ಅನುವಾದಿಸಿ ಕಳಿಸಿದೆವು. ಆ ವರ್ಷ ಕಾಫಿ ಬೆಲೆ ಏರಿದ್ದರಿಂದ ನಮ್ಮ ಆದಾಯ ಹಿಂದಿನ ವರ್ಷಗಳಿಗಿಂತ ಹೆಚ್ಚು ಕಾಣುತ್ತಿತ್ತು. ಅದನ್ನೂ ಮುಚ್ಚಿಡದೆ, ಬೆಲೆ ಪ್ರತಿ ವರ್ಷ ಹೀಗಿರುವುದಿಲ್ಲ ಎಂದು ಒಂದು ಪುಟ ಬರೆದೆ.

ಫೆಬ್ರವರಿಯಲ್ಲಿ ಒಂದು ಚಿಕ್ಕ ಕಾಲೇಜಿನ ನೆರವು ವಿಭಾಗದಿಂದ ಇಮೇಲ್ ಬಂತು. ಪಹಣಿಯಲ್ಲಿ 42 ಎಕರೆ ಇದೆ, ಅರ್ಜಿಯಲ್ಲಿ ಐದೂವರೆ ಎಂದು ಬರೆದಿದ್ದೀರಿ, ಯಾವುದು ಸರಿ? ಓದಿ ಕೈಕಾಲು ತಣ್ಣಗಾಯಿತು. ನಮ್ಮದು ಜಮ್ಮಾ ಭೂಮಿ, ಕೊಡಗಿನಲ್ಲಿ ಇಡೀ ಮನೆತನಕ್ಕೆ ಸೇರಿ ವಂಶಪಾರಂಪರ್ಯವಾಗಿ ಬರುವ ಜಮೀನು. ಪಹಣಿಯಲ್ಲಿ ತೀರಿಹೋದ ಪಟ್ಟೇದಾರರ ಹೆಸರಿನ ಜೊತೆ ಮನೆತನದ ಹತ್ತೊಂಬತ್ತು ಹೆಸರುಗಳಿವೆ. ವಿಸ್ತೀರ್ಣ ಒಟ್ಟಿನಲ್ಲಿದೆ, ಪಾಲು ಬಾಯಿಮಾತಿನದು. ಮನೆತನದ ಮೂಲಮನೆಯಾದ ಐನ್ಮನೆ ಎಲ್ಲರದು. ಕೊಡಗಿನಲ್ಲಿ ಹುಟ್ಟಿದವರಿಗೆ ಅರ್ಧ ವಾಕ್ಯದಲ್ಲಿ ತಿಳಿಯುವುದನ್ನು ಸಾವಿರಾರು ಮೈಲಿ ಆಚೆ ಕೂತವರಿಗೆ ಹೇಗೆ ತಿಳಿಸುವುದು? ಸುಳ್ಳು ಬರೆದಿದ್ದಾರೆ ಎಂದುಕೊಂಡರೆ ಮಗಳ ಹೆಸರೇ ಹೋಗುತ್ತದೆ. ಉತ್ತರಕ್ಕೆ ಹತ್ತು ದಿನ ಕೊಟ್ಟಿದ್ದರು.

ಗ್ರಾಮ ಆಡಳಿತ ಅಧಿಕಾರಿಯ ಬಳಿ ವಂಶವೃಕ್ಷಕ್ಕೆ ಓಡಿದೆ. "ಅಕ್ಕಾ, ಜಮ್ಮಾ ಕಾಗದವನ್ನು ನಮ್ಮ ಬ್ಯಾಂಕಿನವರೇ ಒಪ್ಪುವುದು ಕಷ್ಟ, ಅಮೆರಿಕದವರು ಒಪ್ಪುತ್ತಾರಾ?" ಎಂದು ಆ ಹುಡುಗ ಕೇಳಿದ. ಆದರೂ ಬೇಗ ಮಾಡಿಕೊಟ್ಟ. ಮನೆತನದ ಹಿರಿಯರು ಐದು ಮಂದಿ ಐನ್ಮನೆಯ ಜಗುಲಿಯಲ್ಲಿ ಕೂತು, ಯಾರು ಎಷ್ಟು ಅನುಭವಿಸುತ್ತಿದ್ದಾರೆ ಎಂಬ ಹೇಳಿಕೆಗೆ ಸಹಿ ಹಾಕಿದರು. ಎರಡು ವರ್ಷದಿಂದ ನಮ್ಮೊಂದಿಗೆ ಮಾತು ಬಿಟ್ಟಿದ್ದ ಭಾವನವರೂ ಬಂದು ಸಹಿ ಹಾಕಿ, ಕಾಫಿ ಕುಡಿದು ಹೋದರು. ಮಗಳು ವಂಶವೃಕ್ಷವನ್ನು ಚಿತ್ರವಾಗಿ ಬಿಡಿಸಿ, ನಮ್ಮ ಪಾಲಿಗೆ ಹಸಿರು ಬಣ್ಣ ಬಳಿದಳು. ಒಂದು ಪುಟದ ಪತ್ರ ಬರೆದೆವು: ಈ ಭೂಮಿ ಇಂಥ ಪದ್ಧತಿಯದು, ನಮ್ಮ ಕೈಗೆ ಬರುವ ಬೆಳೆ ಇಷ್ಟರದು, ಇದನ್ನು ನಾವೊಬ್ಬರೇ ಮಾರುವಂತಿಲ್ಲ. ಒಂಬತ್ತನೇ ದಿನ ಕಳಿಸಿದೆವು. 'ಧನ್ಯವಾದ, ಸ್ಪಷ್ಟವಾಯಿತು' ಎಂಬ ಎರಡು ಸಾಲು ಬಂದಾಗ ನಾನು ಕಣದ ಅಂಚಿನಲ್ಲಿ ಕೂತು ಅತ್ತೆ. ಜಮ್ಮಾ ಭೂಮಿಯ ಮನೆಯವರು ಈ ಪತ್ರವನ್ನು ಪ್ರಶ್ನೆ ಬರುವ ಮೊದಲೇ, ಅರ್ಜಿಯ ಜೊತೆಯಲ್ಲೇ ಕಳಿಸಿ.

2025ರ ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯುಸಿ ಪರೀಕ್ಷೆ. ಎಂಐಟಿ ಮಾರ್ಚ್ 14ರಂದು ಫಲಿತಾಂಶ ಕೊಡುವ ರೂಢಿ, ಇನ್ನು ಕೆಲವು ಅದರ ಆಸುಪಾಸಿನಲ್ಲಿ. ಪರೀಕ್ಷೆ ಮುಗಿಯುವವರೆಗೆ ಯಾವುದನ್ನೂ ತೆರೆಯುವುದಿಲ್ಲ ಎಂದು ಮಗಳು ಗುಪ್ತಪದಗಳನ್ನು ನನಗೆ ಕೊಟ್ಟಿದ್ದಳು. ನಾನೂ ತೆರೆಯಲಿಲ್ಲ. 21ರಂದು ಒಟ್ಟಿಗೆ ಕೂತು ನೋಡಿದರೆ ಮೂರು 'ಇಲ್ಲ'. 28ರ ಬೆಳಗಿನ ಜಾವ ನಾಲ್ಕೂವರೆಗೆ ದೊಡ್ಡ ಹೆಸರಿನವುಗಳ ಫಲಿತಾಂಶ. ಮನೆಯಲ್ಲಿ ಎಲ್ಲರೂ ಎದ್ದಿದ್ದೆವು, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಇನ್ನೂ ಮೂರು 'ಇಲ್ಲ'. ಅವಳು ಒಂದು ಮಾತೂ ಆಡದೆ ಹೊರಗೆ ಹೋಗಿ ಮಳೆಮಾಪಕದ ಹತ್ತಿರ ನಿಂತಿದ್ದಳು. ಹೋಗಿ ತಬ್ಬಿಕೊಳ್ಳಲೇ, ಬಿಡಲೇ ಎಂದು ತಿಳಿಯದೆ ಬಾಗಿಲಲ್ಲೇ ನಿಂತೆ. ಇಷ್ಟು ಓದಿದ ಮಗುವಿಗೆ ಆರು ಸಲ ಇಲ್ಲ ಎನ್ನಿಸುವಂತೆ ಮಾಡಿದೆನಲ್ಲ ಎಂದು ಆ ಹೊತ್ತು ನನ್ನ ಮೇಲೆಯೇ ಕೋಪ ಬಂದಿತ್ತು. ಎರಡು ಕಡೆ ಕಾಯುವ ಪಟ್ಟಿ. ಮೇ ಕೊನೆಯವರೆಗೂ ಆ ಪಟ್ಟಿಗಳು ಅಲುಗಲಿಲ್ಲ.

ಒಂಬತ್ತನೆಯದು, ಪಹಣಿಯ ಬಗ್ಗೆ ಕೇಳಿದ್ದ ಅದೇ ಚಿಕ್ಕ ಕಾಲೇಜು, 29ರಂದು ಸೀಟು ಕೊಟ್ಟಿತು. ನೆರವಿನ ಪತ್ರವೂ ಜೊತೆಗೇ ಬಂತು. ವರ್ಷಕ್ಕೆ ನಾವು ಕಟ್ಟಬೇಕಾದದ್ದು ಸುಮಾರು ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ, ವಿಮಾನದ ಖರ್ಚು ಬೇರೆ. ಮೆಣಸು ಕೈಕೊಡದಿದ್ದರೆ ತೂಗಿಸಬಹುದು. ಪತ್ರದ ಕೊನೆಯಲ್ಲಿ ಯಾರೋ ಪೆನ್ನಿನಿಂದ ಬರೆದಿದ್ದರು, ಆ ಹನ್ನೊಂದು ಮನೆಗಳವರಿಗೆ ನಮ್ಮ ನಮಸ್ಕಾರ ತಿಳಿಸಿ ಎಂದು.

ಆದರೂ ಅವಳು ಏಪ್ರಿಲ್‌ನಲ್ಲಿ ಸಿಇಟಿ ಬರೆದಳು. ಈ ದಾರಿ ಹಿಡಿಯುವ ಪ್ರತಿಯೊಂದು ಮನೆಯೂ ಇಲ್ಲಿನ ಪರೀಕ್ಷೆಗಳನ್ನು ಕೈಬಿಡಬಾರದು. ವೀಸಾ ಬಾರದಿದ್ದರೆ ಎಂಬ ಭಯ ನಮಗೆ ನಿಜವಾಗಿಯೂ ಎದುರಾಯಿತು: ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ನಿಲ್ಲಿಸಿತು, ಜೂನ್ 18ಕ್ಕೆ ಮತ್ತೆ ಶುರುಮಾಡಿದಾಗ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದಿತು. ಆ ಮೂರು ವಾರ ನಿದ್ದೆಯಿಲ್ಲ. ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆಂದು 350 ಡಾಲರ್ ಸೆವಿಸ್ ಶುಲ್ಕ, 185 ಡಾಲರ್ ವೀಸಾ ಶುಲ್ಕ, ಚೆನ್ನೈಗೆ ಹೋಗಿಬರುವ ಖರ್ಚು. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಸಂದರ್ಶನ ನಡೆದದ್ದು ಮೂರೇ ನಿಮಿಷ.

ಮೊನ್ನೆ ದ್ವಿತೀಯ ಪಿಯುಸಿಯ ಅಂತಿಮ ಅಂಕಪಟ್ಟಿಯನ್ನು ಕಳಿಸಿಕೊಡಲು ಪ್ರಾಂಶುಪಾಲರ ಕೊಠಡಿಗೆ ಹೋಗಿದ್ದೆವು. ಈ ಸಲ ಗುಪ್ತಪದ ಅವರಿಗೇ ನೆನಪಿತ್ತು. ಕಳಿಸಿ ಮುಗಿಸಿದ ಮೇಲೆ ಅವರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಳೆದ ವರ್ಷ ಮೂರು ಸಲ ತಿದ್ದಿದ್ದ ಆ ಎರಡು ಪುಟದ ಶಾಲಾ ಪರಿಚಯಕ್ಕೆ 2025 ಎಂದು ಹೊಸ ವರ್ಷ ಹಾಕಿ, ಈ ಬಾರಿಯ ಫಲಿತಾಂಶದ ಅಂಕಿಗಳನ್ನು ತುಂಬಿಟ್ಟಿದ್ದರು. ವಿರಾಜಪೇಟೆ ಕಡೆಯ ಒಬ್ಬ ಹುಡುಗ ಕೇಳಿಕೊಂಡು ಬಂದಿದ್ದನಂತೆ.